ಆಚೆ ದಡದ ಗೊರಬು

ಬೆಳಗೋಡಿನ ಕಡೆಯ ಒಂದು ಎಸ್ಟೇಟು. ಕೂಲಿಯವರ ಲೈನ್ ಮನೆಗಳ ಕೊನೆಯಲ್ಲಿದ್ದ ಚೌಡಮ್ಮನ ಒಲೆಯ ಸುತ್ತ ಸಂಜೆ ಮಳೆಗೆ ನಾಲ್ಕಾರು ಜನ ಸೇರಿದ್ದರು. ಕೆಂಡದಲ್ಲಿ ಹಲಸಿನ ಬೀಜ ಸಿಡಿಯುತ್ತಿತ್ತು. ಪಕ್ಕದ ಮನೆಯ ದ್ಯಾವಯ್ಯ ಹದವಾಗಿ ಬೆಂದದ್ದನ್ನು ಸುಲಿದು ಮಕ್ಕಳ ಕೈಗಿಟ್ಟು, ಕರಕಲಾದದ್ದನ್ನು ತಾನು ತಿನ್ನುತ್ತಿದ್ದ.

ಚೌಡಮ್ಮನ ಮೊಮ್ಮಗಳು ನವ್ಯಶ್ರೀಗೆ ಬೀಜದ ಮೇಲೆ ಗಮನವಿರಲಿಲ್ಲ. ಮರುದಿನ ಸಕಲೇಶಪುರದಲ್ಲಿ ಚಿತ್ರಸ್ಪರ್ಧೆ. ಹಳ್ಳದ ಮೇಲಿನ ಮರದ ಸಂಕ ದಾಟಿದರೆ ಬಸ್ಸು. ಬರೆದು ಒಯ್ಯುವ ಚಿತ್ರದಲ್ಲಿದ್ದ ಒಂದೊಂದರ ಅರ್ಥವನ್ನೂ ಅಲ್ಲಿ ಹೇಳಬೇಕಿತ್ತು. ಗುಡ್ಡವೆಂದರೆ ಧೈರ್ಯ, ಗದ್ದೆಯೆಂದರೆ ಅನ್ನ, ಸಂಕವೆಂದರೆ ಭರವಸೆ ಎಂದು ಮಂಜುನಾಥ ಮೇಷ್ಟ್ರು ಹೇಳಿಕೊಟ್ಟಿದ್ದರು. ಆದರೆ ಸಂಕದ ಆಚೆ ದಡದಲ್ಲಿ ಮಳೆ ತಡೆಯುವ ಬಿದಿರು-ಎಲೆಯ ಗೊರಬನ್ನು ತಲೆಯಿಂದ ಮಂಡಿವರೆಗೆ ಹೊದ್ದ ಹೆಂಗಸೊಬ್ಬಳು ನಿಂತಿದ್ದಳು. ಅವಳನ್ನು ಯಾಕೆ ಬರೆದೆನೋ ನವ್ಯಶ್ರೀಗೇ ತಿಳಿಯದು. ಈಗ ಗೊರಬು ಯಾರು ಹೊದೀತಾರೆ, ಅಳಿಸಿಬಿಡು ಎಂದಿದ್ದರು ಮೇಷ್ಟ್ರು. ಹುಡುಗಿ ಚಿತ್ರವನ್ನು ಸುತ್ತಿಟ್ಟು, ಮನಸ್ಸು ಬಾರದೆ ರಬ್ಬರು ಹಿಡಿದು ಕೂತಿದ್ದಳು.

"ಅಳಿಸ್ಬೇಡ ಕಣವ್ವ" ಎಂದಳು, ಎಲ್ಲವನ್ನೂ ಅವಳ ಬಾಯಲ್ಲೇ ಕೇಳಿದ್ದ ಚೌಡಮ್ಮ. "ಗುಡ್ಡ ಅಂದ್ರೆ ಧೈರ್ಯವೋ ಏನೋ, ಹತ್ತೋ ಮಂಡಿಗೆ ಗೊತ್ತು. ಇವಳ ಅರ್ಥ ಮಾತ್ರ ನಾನು ಹೇಳ್ತೀನಿ, ಕೇಳಿ... ನಾವು ಸಣ್ಣೋರಿದ್ದಾಗ ಸರೋಜವ್ವ ಅಂತ ಇದ್ಲು, ಹಳ್ಳದ ಮಗ್ಗುಲಲ್ಲೇ ಗುಡ್ಲು. ಹೆತ್ತ ಮಕ್ಳಿರ್ಲಿಲ್ಲ, ಅದ್ಕೇ ಊರ ಮಕ್ಳೆಲ್ಲ ಅವಳವೇ. ಮಳೆ ಹಿಡೀತೋ, ಗೊರಬು ಹೊದ್ಕೊಂಡು ಸಂಕದ ತಾವ ನಿಂತ್ಬುಡೋಳು. ನೀರು ಕಮ್ಮಿ ಇದ್ರೆ ಆಚೆ ದಡದಿಂದ, ಬಾ ಮಗ, ಅಂತ ಕೈ ಚಾಚೋಳು. ಸಂಕ ಅಲುಗ್ತಾ ಐತೆ ಅಂದ್ರೆ ಈಚೆ ದಡಕ್ಕೆ ಬಂದು ಅಡ್ಡ ನಿಲ್ಲೋಳು. ಬೈಯೋದಿಲ್ಲ, ಗದರೋದಿಲ್ಲ. ಅವಳು ಈಚೆ ನಿಂತ್ಲೋ, ನಾವು ವಾಪಸ್ಸು. ಜ್ವರದಾಗೆ ಸಾಯೋ ದಿನ್ವೂ, ಮಕ್ಳು ಬರೋ ಹೊತ್ತಾಯ್ತು, ಅಂತ ಎದ್ದು ಕೂತ್ಲಂತೆ... ಮಣ್ಣು ಮಾಡಿ ಬಂದ್ವಿ. ಮುಂದಿನ ಮಳೆಗಾಲ ಏನಾಯ್ತು ಅಂತೀರಾ? ಹೊಸದಾಗಿ ಬಂದಿದ್ದ, ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಮಗಳು ಶಾಲಿನಿ, ಸರೋಜವ್ವನ ಹೆಸ್ರೂ ಕೇಳ್ದೋಳಲ್ಲ, ಸ್ಕೂಲಿಗೆ ಹೊಂಟೋಳು ಅಳ್ತಾ ವಾಪಸ್ ಓಡಿಬಂದ್ಲು. ಗೊರಬು ಹೊದ್ದ ಅಜ್ಜಿ ದಾರಿ ಬಿಡ್ಲಿಲ್ಲ ಅಂದ್ಲು. ನಾವು ಹೋಗಿ ನೋಡ್ತೀವಿ... ಸಂಕ ಎಲ್ಲೈತೆ? ನೀರ ಪಾಲು."

"ಸ್ಕೂಲಿಗೆ ಚಕ್ಕರ್ ಹೊಡಿಯಾಕೆ ಕಟ್ಟಿದ ಕತೆ ಇರ್ಬೇಕು ಚೌಡಕ್ಕ!" ದ್ಯಾವಯ್ಯ ನಕ್ಕ.

"ಇರ್ಲಿ ಬುಡು ಮಾರಾಯ. ಕೂಸೆ, ನೀನು ಯಾವ ದಡದಲ್ಲಿ ಬರ್ದೆ?"

"ಆಚೆ ದಡ ಅಜ್ಜಿ, ಬಸ್ ಬರೋ ಕಡೆ."

ನವ್ಯಶ್ರೀ ಹಾಳೆ ಬಿಚ್ಚಿ ಒಲೆಯ ಬೆಳಕಿಗೆ ಹಿಡಿದಳು. ಆಚೆ ದಡ ಖಾಲಿ. ರಬ್ಬರು ತಾಗಿದ ಗುರುತೂ ಇಲ್ಲ. ಈಚೆ ದಡದಲ್ಲಿ, ಲೈನಿನ ದಾರಿಗೆ ಅಡ್ಡವಾಗಿ ಗೊರಬು ನಿಂತಿತ್ತು.

ದ್ಯಾವಯ್ಯನ ನಗು ನಿಂತಿತು. ಎದ್ದು ಬಾಗಿಲು ಹಾಕಲು ನಡೆದ.

"ನಾಳೆ ಡ್ರೈವರ್ ಗಣೇಶನ ಜೀಪಲ್ಲಿ ರಸ್ತೆ ಸುತ್ತಿ ಹೋಗೋಣ" ಎಂದಳು ಚೌಡಮ್ಮ, ಮೊಮ್ಮಗಳ ತಲೆ ಸವರಿ. "ಅರ್ಥ ಕೇಳಿದ್ರೆ, ನಮ್ಮನ್ನ ಕಾಯೋಳು ಅನ್ನು."

ಸುಲಿದ ಬೀಜ ಒಂದು ಹಿಡಿ ಎತ್ತಿ ಹೊಸ್ತಿಲ ಮೇಲಿಟ್ಟಳು. "ಬಿಸಿ ಐತೆ ಸರೋಜವ್ವ, ಊದ್ಕೊಂಡು ತಿನ್ನು... ಬಾಗಿಲು ಹಾಕ್ಬೇಡ ಕಣೋ ದ್ಯಾವಯ್ಯ. ಅವಳಿನ್ನೂ ಒಳಗೆ ಬಂದಿಲ್ಲ."