ಹೆಂಡತಿಯ ಹಲ್ಲು, ಡಾಕ್ಟರ ಸೋಪು

ಸಭೆಯ ಅಧ್ಯಕ್ಷರೇ, ಆಸ್ಪತ್ರೆಯ ಹಿರಿಯರೇ, ನಾಳೆ ಬೇರೆ ಊರಿಗೆ ಹೊರಟಿರುವ ದಂತವೈದ್ಯರೇ, ಸಭಿಕರೇ, ಹಾಗೂ ಎರಡನೇ ಸಾಲಿನಲ್ಲಿ ಕುಳಿತು ಆಗಲೇ ಕಣ್ಣೊರೆಸಿಕೊಳ್ಳುತ್ತಿರುವ ನನ್ನ ಹೆಂಡತಿಯೇ,

ರೋಗಿಗಳ ಮನೆಯವರ ಪರವಾಗಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಒಳಗಿನ ಮಾತು ಬೇರೆಯವರದು, ಹೊಲಿಗೆ ಮಾತ್ರ ನನ್ನದು. ಇವತ್ತು ಎಲ್ಲಾದರೂ ಹೊಲಿಗೆ ಬಿಟ್ಟರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವಳಿಗೆ ಬಹಳ ವರ್ಷಗಳಿಂದ ಬಲಗೆನ್ನೆ ಭಾರ, ಮೂಗು ಕಟ್ಟಿದ್ದು ಕಟ್ಟಿದ ಹಾಗೇ. ಮದುವೆಯ ಹೊತ್ತಿಗೇ ವಾಸನೆ ತಿಳಿಯುತ್ತಿರಲಿಲ್ಲ. ನೆಗಡಿ ಎಂದರು, ಸೈನಸ್ ಎಂದರು. ದಿನಾ ಸಂಜೆ ಹಬೆ ಕೊಟ್ಟವನು ಯಾರು? ನಾನು. ತಲೆಗೆ ಟವೆಲ್ ಹೊದಿಸಿದವನು ಯಾರು? ನಾನು. ಟವೆಲ್ಲಿನೊಳಗಿಂದ ಅವಳು "ರೀ, ಇದೀರಾ?" ಅಂದರೆ "ಇಲ್ಲೇ ಇದೀನಿ ಕಣೆ" ಅನ್ನುತ್ತಿದ್ದವನು ಯಾರು? ನಿಜ ಹೇಳಬೇಕೆಂದರೆ, ಆ ಸಂಜೆಗಳು ನನಗೆ ಕಷ್ಟವೆನಿಸಿರಲಿಲ್ಲ.

ಆಮೇಲೆ ಅವಳ ಹಲ್ಲೊಂದು ಅಲುಗಾಡಿತು. ಈ ಡಾಕ್ಟರ ಬಳಿ ಬಂದೆವು. ಎಕ್ಸ್-ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಹುಟ್ಟದೇ ಉಳಿದ ಬುದ್ಧಿಹಲ್ಲೊಂದರ ಸುತ್ತ ನೀರಿನ ಚೀಲ ಬೆಳೆದಿತ್ತು. ಅದು ಊದುತ್ತ ಊದುತ್ತ ಕೆನ್ನೆಯೊಳಗಿನ ಗಾಳಿಗೂಡನ್ನೆಲ್ಲ ತುಂಬಿ, ಆ ಬುದ್ಧಿಹಲ್ಲನ್ನು ಕಣ್ಣಿನ ಬುಡದವರೆಗೂ ತಳ್ಳಿತ್ತು. ಕೀವೂ ಆಗಿತ್ತು.

"ಇದು ಹಬೆಗೆ ಜಗ್ಗೋದಲ್ಲ," ಅಂದರು ಡಾಕ್ಟರು. "ಇನ್ನೂ ತಡ ಮಾಡಿದ್ರೆ ಕಣ್ಣಿಗೇ ಕುತ್ತು."

ದಿನ ಬೆಳಗಾದರೆ ನಾನು ನೋಡುವ ಮುಖ ಅದು. ಅದರೊಳಗೆ ನನಗೆ ಕಾಣದ್ದನ್ನು ಇನ್ನೊಬ್ಬ ಗಂಡಸು ಒಂದೇ ನೋಟಕ್ಕೆ ಕಂಡರೆ, ಸಭಿಕರೇ, ಯಾವ ಗಂಡನಿಗೆ ತಡೆದೀತು?

ಆಪರೇಷನ್ ಚೆನ್ನಾಗಿಯೇ ಆಯಿತು. ಹಲ್ಲನ್ನು ಸೀಸೆಯಲ್ಲಿ ಹಾಕಿ ಕೊಟ್ಟರು. ಅದೀಗ ನಮ್ಮ ಮದುವೆ ಫೋಟೋದ ಪಕ್ಕದಲ್ಲಿದೆ. ತಪಾಸಣೆಗೆ ಬಂದಾಗಲೆಲ್ಲ ಇವಳು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಒಳಗಿಂದ ನಗು ಕೇಳುತ್ತಿತ್ತು. ಬಾಯಿ ಅಗಲಿಸಿ ಕುಳಿತವರು ಅಷ್ಟೊಂದು ನಗುವುದಾದರೂ ಹೇಗೆ?

ಒಂದು ದಿನ ಹೊರಗೆ ಬಂದವಳೇ ನನ್ನ ತೋಳು ಹಿಡಿದಳು. "ರೀ, ನಂಗೆ ವಾಸನೆ ಬಂತು. ಡಾಕ್ಟ್ರು ಕೈ ತೊಳ್ಕೊಂಡು ಬಂದ್ರಲ್ಲ, ಆ ಸೋಪಿಂದು. ಎಷ್ಟು ಚೆನ್ನಾಗಿತ್ತು ಗೊತ್ತಾ?"

ಹೊಸದಾಗಿ ಮೂಗು ಬಂದ ಹೆಂಡತಿ ಮೊದಲು ಮೂಸಿದ್ದು ಪರಗಂಡಸಿನ ಕೈಯನ್ನು. ಅಂದು ನನಗೆ ಊಟ ಸೇರಲಿಲ್ಲ. ಮರುದಿನ ನರ್ಸಮ್ಮನನ್ನು ವಿಚಾರಿಸಿ ಅದೇ ಸೋಪು ಕೊಂಡೆ. ಕೆಲಸ ಮುಗಿದ ಮೇಲೆ ಮೊಣಕೈವರೆಗೂ ಉಜ್ಜಿ ತೊಳೆದು, ಮನೆಗೆ ಹೋಗಿ ಅವಳ ಪಕ್ಕದಲ್ಲೇ ಕುಳಿತೆ. ಅವಳು ಮೂಗು ಮುರಿದಳು.

"ಏನ್ರೀ ಇದು, ಆಸ್ಪತ್ರೆ ವಾಸನೆ?"

"ನೀನೇ ಚೆನ್ನಾಗಿದೆ ಅಂದಿದ್ದೆ."

"ಅದು ಅಲ್ಲಿಗೆ." ನನ್ನ ಕೈಯನ್ನು ಸೆರಗಿನಿಂದ ಒರೆಸಿದಳು. "ಬೆಳಿಗ್ಗೆ ನೀವಿನ್ನೂ ಮಲಗಿದ್ರಿ. ನಿಮ್ಮ ಕೈ ಮೂಸಿ ನೋಡಿದೆ. ಗೋಂದು, ಹಳೇ ಕಾಗದ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಇದ್ದದ್ದು ಇದಾ ಅಂತ ಹಾಗೇ ಕೂತ್ಬಿಟ್ಟೆ. ಅದನ್ನ ತೊಳೀಬೇಡಿ ಕಣ್ರೀ."

ಇಷ್ಟಾದರೂ, ಡಾಕ್ಟರ ವರ್ಗಾವಣೆಯ ಸುದ್ದಿ ಕೇಳಿದಾಗ ನನಗಾದ ಸಂತೋಷವನ್ನು ಈ ಸಭೆಯಲ್ಲಿ ಮುಚ್ಚಿಡಲಾರೆ. ಡಾಕ್ಟರೇ, ಇವಳ ಕಣ್ಣು ಉಳಿಸಿದಿರಿ, ಸಾಯುವವರೆಗೂ ನಾನು ಋಣಿ. ಹೋದ ಊರಲ್ಲಿ ನಿಮಗೆ ದೊಡ್ಡ ಹೆಸರು ಬರಲಿ, ಸ್ವಂತ ಮನೆಯಾಗಲಿ, ಅಲ್ಲೇ ಕಾಯಂ ಆಗಲಿ ಎಂದು ಮನಸಾರೆ ಹಾರೈಸುತ್ತ, ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ವಂದಿಸುತ್ತೇನೆ. ನಮಸ್ಕಾರ.