ಹಿಂದಿನ ಸೀಟಿನ ಭಾರ

ಮಾಂಬಳ್ಳಿ ದಾರಿಯ ಆಲದ ಮರದ ಹತ್ತಿರ, ಕತ್ತಲಾದ ಮೇಲೆ, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಯಾವ ಬಾಣಂತಿಯಾದರೂ ನಡೆಯುತ್ತಾಳಾ? ಪುಷ್ಪ ನಡೆದಳು. ಅವಳಿಗೆ ಹುಚ್ಚಿರಲಿಲ್ಲ. ಅವಳ ಗಂಡನಿಗೆ ಕಾರಿನ ಹುಚ್ಚಿತ್ತು.

ಗಂಡ ಅಂದರೆ ಮಾದೇಶ, ನನ್ನ ದೊಡ್ಡಮ್ಮ ಚಾಮುಂಡಮ್ಮನ ಮಗ. ಯಾರೋ ಯಾರಿಗೋ ಹೇಳಿದ್ದನ್ನು ನಾನು ಹೇಳುತ್ತಿಲ್ಲ. ಅವನನ್ನೂ ಅವಳನ್ನೂ ಬೇರೆ ಬೇರೆ ಕೂರಿಸಿಕೊಂಡು ಕೇಳಿದ್ದೇನೆ. ಲೈಟು ಹಾಕಬೇಡಿ, ನನ್ನ ಮಗ ಈಗ ತಾನೇ ಮಲಗಿದ್ದಾನೆ. ಹತ್ತಿರ ಬನ್ನಿ...

ಆ ವರ್ಷ ಮಾದೇಶ ಹಳೇ ಫಿಯೆಟ್ ಕಾರು ತಂದಿದ್ದ. ಚಿಕ್ಕದು, ಗುಂಡಗೆ ಚೆನ್ನಾಗಿಯೇ ಇತ್ತು. ಎಲ್ಲೋ ಒಂದು ಫೋಟೋದಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತ ಕಾರು ನೋಡಿದ್ದೇ ತಡ, ತನ್ನದೂ ಹಾಗೇ ತಗ್ಗಬೇಕು ಅಂತ ಹಟ ಹಿಡಿದ. ಕೊಳ್ಳೇಗಾಲದಲ್ಲಿ ಗ್ಯಾರೇಜು ಇಟ್ಟಿದ್ದ ಗೆಳೆಯ ರಂಗನಾಯಕ, ನಮ್ಮ ರಸ್ತೆಗೆ ಇದು ಆಗಿಬರೋದಿಲ್ಲ ಅಂದ. ಕೇಳಿದರೆ ತಾನೇ? ಮುಂದಿನ ಚಕ್ರಗಳ ಸ್ಪ್ರಿಂಗಿನಲ್ಲಿ ಒಂದೊಂದು ಸುತ್ತು ಕಟ್ ಮಾಡಿಸಿದ. ಹಿಂದಿನ ಚಕ್ರಗಳ ಉಕ್ಕಿನ ಪಟ್ಟಿಗಳಲ್ಲಿ ಒಂದೊಂದು ಬಿಚ್ಚಿಸಿದ. ಕತ್ತರಿಸಿದ ಒಂದು ಸುತ್ತನ್ನು, ದೊಡ್ಡ ಕಬ್ಬಿಣದ ಬಳೆಯ ಹಾಗಿತ್ತು ಅದು, ನೆನಪಿಗೆ ಅಂತ ಸ್ಟೇರಿಂಗ್ ಪಕ್ಕದಲ್ಲಿ ಇಟ್ಟುಕೊಂಡ.

ಆಮೇಲೆ ಶುರುವಾಯಿತು ಸಂಕಟ. ಅವನೊಬ್ಬನೇ ಕೂತರೆ ಕಾರು ಹೇಗೋ ಹಂಪ್ಸು ದಾಟುತ್ತಿತ್ತು. ಹಿಂದೆ ಯಾರಾದರೂ ಕೂತರೆ ಮಾತ್ರ ಹಿಂಭಾಗ 'ಕ್ರೀ...ಕ್' ಅಂತ ಕುಗ್ಗುವುದು. ಹಂಪ್ಸಿನ ಮೇಲೆ 'ಕರ್‍ರ್‍ರ್' ಅಂತ ಹೊಟ್ಟೆ ಉಜ್ಜುವುದು. ಈ ಎರಡು ಸದ್ದು ನೆನಪಿರಲಿ.

ಪುಷ್ಪಳ ತವರು ರಾಮಾಪುರ. ಹೆರಿಗೆ ಮುಗಿಸಿ ಮಾಂಬಳ್ಳಿಗೆ, ಗಂಡನ ಮನೆಗೆ ಹೊರಟಾಗ ಅವಳಮ್ಮ ಅಡಕೆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮನೆ ಮುಟ್ಟುವ ತನಕ ಕೂಸಿನ ಹತ್ತಿರ ಕಬ್ಬಿಣ ಇರಲೇಬೇಕು, ನಮ್ಮ ಕಡೆ ಅದು ತಪ್ಪುವಂತಿಲ್ಲ. ದೀಪ ಹಚ್ಚುವುದರೊಳಗೆ ಹೊಸ್ತಿಲು ದಾಟಬೇಕು ಅಂತ ನಮ್ಮ ದೊಡ್ಡಮ್ಮನೂ ಹೇಳಿ ಕಳಿಸಿದ್ದರು. ಆದರೆ ಆ ಕಾರು ಒಂದೊಂದು ಗುಂಡಿಗೂ ನಿಂತು, ಅಡ್ಡ ತಿರುಗಿ, ತೆವಳಿಕೊಂಡು ಬಂತು. ಹನೂರು ದಾಟುವಾಗಲೇ ಬಿಸಿಲು ಇಳಿದಿತ್ತು, ಕೊಳ್ಳೇಗಾಲಕ್ಕೆ ಬಂದಾಗ ಕತ್ತಲು. ಭಾರ ಕಮ್ಮಿಯಾಗಲಿ ಅಂತ ಮಾದೇಶ ಅಕ್ಕಿ ಚೀಲ, ಪೆಟ್ಟಿಗೆ, ಬಟ್ಟೆ ಬ್ಯಾಗು ಎಲ್ಲವನ್ನೂ ರಂಗನಾಯಕನ ಗ್ಯಾರೇಜಿನಲ್ಲಿ ಇಳಿಸಿದ.

ಅಡಕೆ ಕತ್ತರಿ ಇದ್ದದ್ದು ಬಟ್ಟೆ ಬ್ಯಾಗಿನಲ್ಲಿ. ಪುಷ್ಪಳಿಗೆ ಅದು ಹೊಳೆದದ್ದು ಆಲದ ಮರ ಕಂಡಾಗ.

ಆ ಮರದ ಬುಡದಲ್ಲೇ ಹಳೇ ಬಾವಿ. ಬಾವಿಯ ವಿಚಾರ ಮಾಂಬಳ್ಳಿಯಲ್ಲಿ ಎಲ್ಲರಿಗೂ ಗೊತ್ತು... ಈ ಹೊತ್ತಿನಲ್ಲಿ ನಾನು ಹೇಳುವುದಿಲ್ಲ. ಬಾವಿ ದಾಟಿದ ಕೂಡಲೇ ರಸ್ತೆಗೆ ಒಂದು ಮೋರಿ, ಎಮ್ಮೆ ಬೆನ್ನಿನ ಹಾಗೆ ಉಬ್ಬಿಕೊಂಡಿದೆ. ಮಾದೇಶ ಕಾರು ನಿಲ್ಲಿಸಿದ.

"ವಸಿ ಇಳ್ಕ. ಮೋರಿ ದಾಟಿಸ್ಕತೀನಿ, ಆಚೆ ಹತ್ಕ."

"ಈ ಜಾಗದಲ್ಲಾ?" ಪುಷ್ಪ ಪಿಸುಗುಟ್ಟಿದಳು. "ಮಗ ಅದೆ ಕಣ್ರೀ. ಕತ್ರಿ ಬ್ಯಾರೆ ಅಲ್ಲೇ ಉಳ್ಕತು."

"ನಾಕೆಜ್ಜೆ ಕಣೆ. ನಾನಿಲ್ವಾ?"

ಇಳಿದಳು. ಹಿಂಭಾಗ ಮೇಲೆದ್ದಿತು. ಕಾರು ಮೋರಿ ಹತ್ತಿತು, ಇಳಿಯಿತು, ಎಲ್ಲೂ ಉಜ್ಜಲಿಲ್ಲ. ಆ ಕಡೆ ನಿಲ್ಲಿಸಿಕೊಂಡು ಕಾದ. ಅವಳ ಚಪ್ಪಲಿ ಸದ್ದು ಬರುತ್ತಿತ್ತು... ಚರ್, ಚರ್... ಆಮೇಲೆ ಹಿಂದಿನ ಬಾಗಿಲು 'ಟಪ್' ಅಂತು. 'ಕ್ರೀ...ಕ್' ಅಂತ ಕಾರು ಕುಗ್ಗಿತು.

ಮಾದೇಶ ತಿರುಗಿ ನೋಡಲಿಲ್ಲ. ಗೇರು ಹಾಕಿ ಹೊರಟ.

ಪುಷ್ಪ ಇನ್ನೂ ಮೋರಿಯ ಮೇಲಿದ್ದಳು.

ಕೂಗಬಾರದಿತ್ತಾ ಅಂತ ನೀವು ಕೇಳುತ್ತೀರಿ, ನಾನೂ ಕೇಳಿದೆ. ರಾತ್ರಿ ಬಾವಿಯ ಹತ್ತಿರ ಯಾರ ಹೆಸರನ್ನೂ ಹಿಡಿದು ಕೂಗುವಂತಿಲ್ಲ. ಗಂಡನ ಹೆಸರಂತೂ ಹಗಲಲ್ಲೂ ಬಾಯಿಗೆ ಬರುವಂತಿಲ್ಲ. ಅವರ ಹೆಸರು ಕಾಪಾಡೋಕೆ ನಮ್ಮ ಬಾಯಿಗೆ ಬೀಗ. "ರೀ..." ಅಂದಳಂತೆ, ಅಷ್ಟೇ.

ಆ "ರೀ" ಮಾದೇಶನಿಗೆ ಕೇಳಿಸಿತು. ಆದರೆ ಬೆನ್ನ ಹಿಂದಿನ ಸೀಟಿನಿಂದಲೇ ಬಂದ ಹಾಗೆ ಕೇಳಿಸಿತು. ಏನು ಅಂದ. ಕೂಸನ್ನು ಮಲಗಿಸುವಾಗ ತಟ್ಟುತ್ತೇವಲ್ಲ, ಆ ಸದ್ದು ಮಾತ್ರ... ತಪ್, ತಪ್, ತಪ್...

"ಮಲಗ್ತಾ ಮಗ?"

"ಹೂಂ..."

ಇನ್ನಷ್ಟು ದೂರ ಹೋದ ಮೇಲೆ ಸ್ಕೂಲಿನ ಮುಂದಿನ ಹಂಪ್ಸು ಬಂತು. 'ಕರ್‍ರ್‍ರ್...' ಪುಷ್ಪ ಕೂತಾಗ ಉಜ್ಜುವುದಕ್ಕಿಂತ ಜೋರಾಗಿ ಉಜ್ಜಿತು. ವಸಿ ಈ ಕಡೆ ಸರಿದು ಕೂತ್ಕ ಅನ್ನೋಣ ಅಂತ ತಿರುಗಿದ.

ಸೀಟಿನ ಮೇಲೆ ಯಾರೂ ಇಲ್ಲ. ಎಡಗಡೆ ಮೂಲೆಯಲ್ಲಿ ರೆಕ್ಸಿನ್ನು ಮಾತ್ರ ಅದುಮಿಕೊಂಡು ಗುಳಿ ಬಿದ್ದಿದೆ. ತಟ್ಟುವ ಸದ್ದು ನಿಂತಿಲ್ಲ... ತಪ್, ತಪ್...

ಇಂಜಿನ್ ಆರಿಸಲಿಲ್ಲ, ಬಾಗಿಲು ಮುಚ್ಚಲಿಲ್ಲ. ಕೈಗೆ ಸಿಕ್ಕಿದ ಆ ಕಬ್ಬಿಣದ ಸುತ್ತನ್ನು ಹಿಡಿದುಕೊಂಡು ಬಂದ ದಾರಿಯಲ್ಲೇ ಓಡಿದ. ಹೆಂಡತಿ ಮಗು ಬಾವಿಯ ಹತ್ತಿರ, ಇವನು ಇಲ್ಲಿ. ನಮ್ಮ ದೊಡ್ಡಮ್ಮ ಹರಕೆ ಹೊತ್ತು ಪಡೆದ ಮೊಮ್ಮಗು ಅದು. ಚಪ್ಪಲಿ ಎಲ್ಲಿ ಕಳಚಿಕೊಂಡಿತೋ ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಪುಷ್ಪ ರಸ್ತೆಯ ನಡುವೆಯೇ ನಿಂತಿದ್ದಳು. ಕೂಸಿನ ಮುಖಕ್ಕೆ ಸೆರಗು ಒತ್ತಿ ಹಿಡಿದಿದ್ದಳು. ಬಿಟ್ಟು ಹೋದದ್ದಕ್ಕೆ ಬೈಯಲಿಲ್ಲ. ಪಿಸುಗುಟ್ಟಿದಳು.

"ಯಾರ್ನ ಕೂರಿಸ್ಕಂಡು ಹೋದ್ರಿ?"

ಹಿಂದಿನ ಗಾಜಿನಲ್ಲಿ ಅವಳಿಗೆ ಒಂದು ತಲೆ ಕಂಡಿತ್ತು. ಎಡಗಡೆ. ಬಾಣಂತಿಯರು ಕಟ್ಟಿಕೊಳ್ಳುವ ಹಾಗೆ ಕಿವಿ ಮುಚ್ಚಿ ಬಟ್ಟೆ ಕಟ್ಟಿತ್ತು.

ಮಾದೇಶ ಸುತ್ತನ್ನು ಕೂಸಿನ ಬಟ್ಟೆಯೊಳಗೆ ತುರುಕಿದ. ಆಗ ಕೂಸು ಅತ್ತಿತು. ಅಲ್ಲಿಯವರೆಗೂ ಸೆರಗಿನೊಳಗೆ ಕಣ್ಣು ಬಿಟ್ಟುಕೊಂಡು, ಕಾರು ಹೋದ ದಿಕ್ಕಿಗೇ ಕತ್ತು ತಿರುಗಿಸುತ್ತಿತ್ತಂತೆ. ನಗುತ್ತಿತ್ತಂತೆ. ಗದ್ದೆ ಬದುವಿನ ಮೇಲೆ ನಡೆದು ಮನೆ ಸೇರಿದರು. ಕಾರಿನ ಕಡೆ ಯಾರೂ ಹೋಗಲಿಲ್ಲ.

ಬೆಳಿಗ್ಗೆ ರಂಗನಾಯಕ ಬಂದು ನೋಡಿದ. ಕಾರು ಖಾಲಿ, ಹಿಂದಿನ ಎಡ ಮೂಲೆ ಮಾತ್ರ ಮೂರು ಬೆರಳು ತಗ್ಗು. ಹೊಸ ಸ್ಪ್ರಿಂಗು ಹಾಕಿದ, ಬಿಚ್ಚಿದ್ದ ಪಟ್ಟಿಗಳನ್ನು ವಾಪಸ್ ಕಟ್ಟಿದ. ಮೂರು ಮೂಲೆ ಮೇಲೆದ್ದವು. ಆ ಮೂಲೆ ಏಳಲಿಲ್ಲ. ಕೊನೆಗೆ ನಮ್ಮ ದೊಡ್ಡಮ್ಮ ಆ ಕಬ್ಬಿಣದ ಸುತ್ತನ್ನು ತಂದು ಎಡಗಡೆ ಸೀಟಿನ ಮೇಲೆ ಇಟ್ಟರು. ಎದ್ದಿತು. ಅವತ್ತಿನಿಂದ ಅದು ಅಲ್ಲೇ ಇದೆ. ಅದರ ಪಕ್ಕ ಕೂರುತ್ತಾರೆ, ಅದನ್ನು ಯಾರೂ ಮುಟ್ಟುವುದಿಲ್ಲ.

ನಾನು ಹತ್ತನೇ ಕ್ಲಾಸು ಓದಿದವಳು, ಸುಮ್ಮಸುಮ್ಮನೆ ಎಲ್ಲದಕ್ಕೂ ತಲೆಯಾಡಿಸುವವಳಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಹೊರಡುವಾಗ ಮಾದೇಶ ಯಳಂದೂರು ತನಕ ಬಿಟ್ಟು ಬರುತ್ತೇನೆ ಅಂದು ಬೀಗದ ಕೈ ತರಲು ಒಳಗೆ ಹೋದ. ಮಟಮಟ ಮಧ್ಯಾಹ್ನ. ಕಾರಿನ ಹಿಂದಿನ ಬಾಗಿಲಿಗೆ ಬೀಗ ಇರಲಿಲ್ಲ, ತೆಗೆದೆ. ಮಗನನ್ನು ಕೂರಿಸೋಕೆ ಜಾಗ ಆಗಲಿ ಅಂತ ಆ ಸುತ್ತನ್ನು ಎತ್ತಿ ಕೈಯಲ್ಲಿ ಹಿಡಿದೆ. ಕಬ್ಬಿಣ ತಣ್ಣಗಿತ್ತು.

'ಕ್ರೀ...ಕ್' ಅಂತ ಕಾರು ಕುಗ್ಗಿತು.

ಆಣೆ ಮಾಡಿ ಹೇಳುತ್ತೇನೆ, ನಾನು ಇನ್ನೂ ನೆಲದ ಮೇಲೇ ನಿಂತಿದ್ದೆ. ಮಗ ನನ್ನ ಸೊಂಟದ ಮೇಲಿದ್ದ.