ಪಕ್ಕದ ಸೀಟು

ಚೆನ್ನೈನ ಗಿಂಡಿ ಮೆಟ್ರೊ ನಿಲ್ದಾಣದ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ಒಬ್ಬ ವೃದ್ಧರೂ ಅವರ ಮಗಳೂ ನಿಂತಿದ್ದರು.

“ಕಾರು ಮಾರಿದ್ದು ಛಲೋ ಆತಪ್ಪ. ಕಣ್ಣು ಮಂಜಾಗ್ಯಾವ, ಹೆಂಗ ಓಡಸ್ತಿದ್ದಿ?”

“ನಿಮ್ಮವ್ವನ್ನ ಕೂಡಿಸಿಕೊಂಡು ದೇಶಾ ತಿರಗಬೇಕಂತ ಅಂಥಾ ದುಬಾರಿ ಕಾರು ತಗೊಂಡೆ, ಪೂರ್ಣಿಮಾ. ಕಡೀಕ ಅದು ಓಡಿದ್ದು ಅಡ್ಯಾರದ ಮನಿಯಿಂದ ಆಸ್ಪತ್ರಿಗಷ್ಟ.”

“ಅವ್ವ ಹೋದಮ್ಯಾಲ ಅದರಾಗ ಒಬ್ಬನ ಕುಂತು ಏನ್ ಮಾಡ್ತಿದ್ದಿ?”

“ಬಟನ್ ಒತ್ತತಿದ್ದೆ. ಪಕ್ಕದ ಸೀಟು ತಾನ ಸರದು, ಒರಗಿ, ನಿಮ್ಮವ್ವ ಕೂಡೂ ಹಂಗ ನಿಲ್ತಿತ್ತು. ಆಕಿಗಂತ ಹೊಂದಿಸಿಟ್ಟಿದ್ದೆ, ಆ ಬಟನ್ ಒಬ್ಬರ ಅಳತಿನ್ನಷ್ಟ ನೆನಪಿಟ್ಟಕೋತದ.”

“ಕಾರು ತಗೊಂಡಾವಗ ಇದನ್ನ ಹೇಳಿದೇನು?”

“ಹೆಂಗ ಹೇಳ್ಲಿ? ಅಂವ ತನ್ನ ಹೆಂಡ್ತಿನ್ನ ಅಲ್ಲೇ ಕುಂದ್ರಿಸಿ, ಅದ ಬಟನ್ನ ಆಕಿ ಅಳತಿಗೆ ಹೊಂದಿಸಿದ. ಕೀಲಿ ಕೊಡೂ ಮುಂದ ನಾ ಇನ್ನೊಮ್ಮೆ ಒತ್ತಿದೆ.”

“ಮತ್ತ?”

“ಸೀಟು ಅಳ್ಳಾಡಲಿಲ್ಲವ್ವಾ. ನಿಮ್ಮವ್ವನ ಅಳತಿ ಅಳಿಸಿ ಹೋಗಿತ್ತು.”

ಟಿಕೆಟ್ ಸಿಕ್ಕಿತು. ಮಗಳು ಅವರ ಕೈ ಹಿಡಿದು ರೈಲಿನ ಕಡೆ ಕರೆದೊಯ್ದಳು.